ತಲ್ಲೂರಿನ ಕುಷ್ಟ ಕುದುರೆ ಪಳಗಿಸಿದ್ದು

ಕುಷ್ಟನ ಕಸುಬು ಮೂಗು ಚುಚ್ಚುವುದು. ತಲ್ಲೂರಿನಿಂದ ಹಿಡಿದು ಕೆರಾಡಿಯ ಕಾಡಂಚಿನವರೆಗೆ ಯಾರ ಮನೆಯ ಎಳೆಗೋಣಕ್ಕೆ ಮೂಗುದಾರ ಹಾಕಿಸಬೇಕಾದರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಬಗಲಿನ ಚೀಲದಲ್ಲಿ ಒಂದು ದಬ್ಬಣ, ಅರಸಿನ ಕಲಸಿದ ಎಣ್ಣೆಯ ಕರಟ, ಎಣ್ಣೆ ಕುಡಿದು ಕಪ್ಪಾದ ನೂಲಿನ ಹಗ್ಗ. ಕೋಣವನ್ನು ಕೆಡವಿ ನಾಲ್ಕು ಜನ ಮೇಲೆ ಕೂತರೆ, ನೋಡುವವರು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತಿತ್ತು. ಅಕ್ಕಿ, ತೆಂಗಿನಕಾಯಿ ತಗೊಂಡು ಹಿಂದೆ ತಿರುಗಿ ನೋಡದೆ ಬಂದುಬಿಡುತ್ತಿದ್ದ. ಚುಚ್ಚುವುದಕ್ಕೆ ಹೊರಗಿನವನನ್ನೇ ಕರೆಯಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಚುಚ್ಚಿದ ಕೈಯನ್ನು ಪ್ರಾಣಿ ಮರೆಯುವುದಿಲ್ಲವಂತೆ. ಆದ್ದರಿಂದ ಅದೇ ಕೈ ಮರುದಿನ ಹುಲ್ಲು ಹಾಕುವ ಕೈ ಆಗಬಾರದು.

ಅವನೇನು ದಯಾಳು ಆಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಕತೆ ಹೇಳುವವರು ಅವನನ್ನು ಸಾಧು ಮಾಡಿ ಕೂರಿಸಿದ್ದಾರೆ. ನಾನು ಕಂಡ ಕುಷ್ಟ ಹಟಮಾರಿ ಕೋಣದ ಬಾಲ ತಿರುಚಿ ಗಂಟಿನ ಹತ್ತಿರ ಲಟಕ್ಕೆನಿಸಿದವನು. ಒಣಕಲು ಮೈ, ಸೊಟ್ಟ ಕಾಲು, ಮೂಗಿನ ತುದಿಯಲ್ಲಿ ಸಿಟ್ಟು. ಹೆಂಡತಿ ಅಕ್ಕು, ಇಬ್ಬರು ಹೆಣ್ಣುಮಕ್ಕಳು. ಮನೆ ಅಂತ ಒಂದಿತ್ತು, ಆದರೆ ಅದು ನಿಂತ ನೆಲ ಭೋಜರಾಜರದ್ದು. ಭೋಜರಾಜರೆಂದರೆ ಊರಿನ ದೊಡ್ಡ ಮನೆಯ ಯಜಮಾನರು, ಕಂಬಳದ ಕೋಣ ಕಟ್ಟಿದವರು. ಕುಷ್ಟ ಅವರ ಒಕ್ಕಲು. ಸಾವಿರದ ಒಂಬೈನೂರ ಅರವತ್ತೊಂದು, ಅರವತ್ತೆರಡರ ಕಾಲ ಅದು. ಒಕ್ಕಲನ್ನು ಎಬ್ಬಿಸುವುದೆಂದರೆ ಜಗಲಿಯಲ್ಲಿ ಕೂತು ಒಂದು ಮಾತು ಹೇಳಿದರೆ ಆಯಿತು, ಮತ್ತೆ ಕಾಲಿನ ಮೇಲೆ ಕಾಲು ಹಾಕಿಕೊಳ್ಳಬಹುದು.

ಆ ವರ್ಷ ಭೋಜರಾಜರ ತಲೆಗೆ ಕುದುರೆ ಹೊಕ್ಕಿತು. ಅವರ ಭಾವ ಚಂದಯ್ಯ ಮುಂಬೈಯಲ್ಲಿ ಹೋಟೆಲು ಇಟ್ಟವನು. ಭೋಜರಾಜರು ಅಲ್ಲಿಗೆ ಹೋದಾಗ ಯಾರೋ ದೊಡ್ಡ ಮನುಷ್ಯ ಕುದುರೆ ಹತ್ತಿ ಹೋಗುವುದನ್ನು ನೋಡಿ ಬಂದಿದ್ದರು. ಮುಂದಿನ ಕಂಬಳಕ್ಕೆ ತಮ್ಮ ಕೋಣಗಳು ಹೊರಡುವಾಗ ಅವುಗಳ ಮುಂದೆ ತಾವು ಕುದುರೆಯ ಮೇಲೆ ಹೋಗಬೇಕು ಎನ್ನುವುದು ಅವರ ಆಸೆ. ಕುಂದಾಪುರದಿಂದ ಬೈಂದೂರಿನವರೆಗೆ ಯಾವ ದೊಡ್ಡ ಮನೆಯವನೂ ಮಾಡಿರದ ಕೆಲಸ. ಚಂದಯ್ಯ ಒಂದು ಎಳೆ ಗಂಡುಕುದುರೆ ಕಳಿಸಿದ. ಮುಂಬೈಯ ಯಾವುದೋ ಗಾಡಿಯವನ ಲಾಯದಲ್ಲಿ ಯಾರಿಗೂ ಬೇಡವಾದದ್ದನ್ನು ಸಾಗಹಾಕಿದ ಎನ್ನುವುದು ಎಷ್ಟೋ ಕಾಲದ ಮೇಲೆ ತಿಳಿಯಿತು.

ನಾನಾಗ ತಲ್ಲೂರಿನಲ್ಲಿ ಬಸ್ ಏಜೆಂಟ್. ಲಾರಿ ನಿಂತದ್ದು ನನ್ನ ಟಿಕೇಟು ಗೂಡಿನ ಎದುರಿಗೆ. ಕುದುರೆಯ ತಲೆಗೆ ಗೋಣಿ ಕಟ್ಟಿದ್ದರು. ಕಂದು ಬಣ್ಣ, ಉದ್ದ ಕಾಲು, ಎಡಗಿವಿಯ ಬುಡ ಯಾರೋ ಹಗ್ಗ ಸುತ್ತಿ ತಿರುಚಿ ತಿರುಚಿ ಕೂದಲೇ ಬಾರದ ಹಾಗಾಗಿತ್ತು. ಕ್ಲೀನರ್ ಗೋಣಿ ಬಿಚ್ಚಲು ಕೈ ಚಾಚಿದ್ದೇ ತಡ, ಅದು ಮುಂಗಾಲು ಎತ್ತಿ ನಿಂತು ಅವನ ಹೆಗಲಿಗೆ ಹೊಡೆಯಿತು. ಮೈಯ ಬೇರೆಲ್ಲಿ ಮುಟ್ಟಿದರೂ ನಡುಗಿಕೊಂಡು ನಿಲ್ಲುತ್ತಿತ್ತು. ತಲೆಯ ಹತ್ತಿರ ಕೈ ಹೋದರೆ ಮಾತ್ರ ಕಚ್ಚುತ್ತಿತ್ತು, ಎದ್ದು ನಿಲ್ಲುತ್ತಿತ್ತು, ಹಗ್ಗ ಹರಿಯುವವರೆಗೆ ಹಿಂದಕ್ಕೆ ಜಗ್ಗುತ್ತಿತ್ತು. ಭೋಜರಾಜರು ನಕ್ಕು, ಕುಷ್ಟನಿಗೆ ಹೇಳಿ ಕಳಿಸಿದರು.

ಕುಷ್ಟ ಅಲ್ಲಿಯವರೆಗೆ ಕುದುರೆಯನ್ನು ಮುಟ್ಟಿದವನಲ್ಲ. ಅವನಿಗೆ ಕೋಣ ಗೊತ್ತು. ಅದಕ್ಕೆ ಮಾಡುವುದನ್ನೇ ಇದಕ್ಕೂ ಮಾಡಿದ. ತೆಂಗಿನ ಮರಕ್ಕೆ ಕುತ್ತಿಗೆಯ ಹಗ್ಗ ಗಿಡ್ಡ ಮಾಡಿ ಕಟ್ಟಿ, ಹಟ ಇಳಿಯುವವರೆಗೆ ಬಡಿಯುವುದು. ಕೋಣವಾದರೆ ಒಂದು ಹೊತ್ತಿಗೆ ಉಸ್ಸೆಂದು ತಲೆ ತಗ್ಗಿಸುತ್ತದೆ. ಇದು ತಗ್ಗಿಸಲಿಲ್ಲ. ಕಣ್ಣು ಬಿಳಿ ಮಾಡಿಕೊಂಡು ಜಗ್ಗಿತು, ಬಿತ್ತು, ಎದ್ದಿತು, ಮತ್ತೆ ಜಗ್ಗಿತು. ಹಗ್ಗ ಸಡಿಲಿಸಲು ಹತ್ತಿರ ಹೋದ ಕುಷ್ಟನ ಎದೆಗೆ ಮುಂಗಾಲು ಬೀಸಿತು. ಪಕ್ಕೆಲುಬು ಮುರಿದು ಅವನು ಅಲ್ಲೇ ಕುಕ್ಕರಿಸಿದ. ಭೋಜರಾಜರು ಜಗಲಿಯಿಂದ ಇಳಿಯಲಿಲ್ಲ. ಕುದುರೆಯ ಕಾಲಿಗೆ ಏನಾದರೂ ಆಯಿತೇ ನೋಡು ಅಂತ ಸೋಮನನ್ನು ಕಳಿಸಿದರು. ಸೋಮ ಅವರ ಕಂಬಳದ ಕೋಣ ಓಡಿಸುವವನು.

ಆಮೇಲೆ ಆದದ್ದು ಕುಷ್ಟನ ಜಾಣತನದಿಂದ ಆದದ್ದಲ್ಲ, ಅವನ ಅಸಹಾಯಕತೆಯಿಂದ. ಎದೆಗೆ ಬಟ್ಟೆ ಬಿಗಿದುಕೊಂಡು ಗದ್ದೆಗೆ ಇಳಿಯುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಸುಮ್ಮನೆ ಕೂತವನಿಗೆ ದೊಡ್ಡ ಮನೆಯವರು ಅನ್ನ ಹಾಕುವವರೂ ಅಲ್ಲ. ಕುದುರೆಯ ಕೊಟ್ಟಿಗೆಯಲ್ಲಿ ಕೂತು ತೆಂಗಿನ ಮಡಲು ನೇಯುತ್ತಾ ಅದನ್ನು ಕಾಯುವ ಕೆಲಸ ಕೊಟ್ಟರು. ಮಳೆಗಾಲ ಹಿಡಿದಿತ್ತು. ಕೈ ಎತ್ತಿದರೆ ನೋಯುತ್ತಿದ್ದುದರಿಂದ ಅವನು ಕೈ ಎತ್ತಲಿಲ್ಲ. ಕೂಗಿದರೆ ಪಕ್ಕೆ ಹಿಡಿಯುತ್ತಿದ್ದುದರಿಂದ ಕೂಗಲಿಲ್ಲ. ಹಾಗೆ ಎಷ್ಟು ದಿನ ಕಳೆಯಿತೋ, ಒಂದು ದಿನ ತಲೆ ಬಗ್ಗಿಸಿ ನೇಯುತ್ತಿದ್ದವನ ಜುಟ್ಟಿಗೆ ಬಿಸಿ ಉಸಿರು ತಾಗಿತು. ಅವನು ಅಲುಗದೆ ಕೂತ. ಹೆದರಿಕೆಯಿಂದಲೇ ಕೂತದ್ದು ಎಂದು ಅವನೇ ನನಗೆ ಹೇಳಿದ್ದ. ಕುದುರೆ ಅವನ ತಲೆ ಮೂಸಿತು, ಕಿವಿ ಮೂಸಿತು, ಹೆಗಲ ಮೇಲಿನ ಮೈ ಒರೆಸುವ ಬೈರಾಸನ್ನು ಬಾಯಲ್ಲಿ ಹಿಡಿದು ಎಳೆದು ಕೆಳಗೆ ಹಾಕಿತು.

ಅಲ್ಲಿಂದ ಅವನು ಬೇರೆ ಮನುಷ್ಯನಾದ ಎಂದರೆ ಸುಳ್ಳಾಗುತ್ತದೆ. ಬೇರೆಯವರ ಕೋಣಗಳಿಗೆ ಅವನು ಹಿಂದಿನ ಕುಷ್ಟನೇ. ಈ ಕುದುರೆಯ ಹತ್ತಿರ ಮಾತ್ರ ಬೇರೆ. ಅದನ್ನು ಮಾಣಿ ಎಂದು ಕರೆಯತೊಡಗಿದ, ಹುಡುಗನನ್ನು ಕರೆದ ಹಾಗೆ. ಅಕ್ಕು ನೆನೆಸಿಟ್ಟ ಹುರುಳಿ ಒಯ್ದು ಅಂಗೈಯಲ್ಲಿ ಹಿಡಿದು ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದ. ಕುತ್ತಿಗೆಯಿಂದ ಕೈ ಮೇಲಕ್ಕೆ ಹೋಗುವಾಗ ಅದರ ಚರ್ಮ ಎಲ್ಲಿ ಕಂಪಿಸುತ್ತದೋ ಅಲ್ಲಿಗೇ ನಿಲ್ಲಿಸಿ, ಅದು ಹಿಂದೆ ಸರಿಯುವ ಮೊದಲೇ ತಾನೇ ಕೈ ತೆಗೆಯುತ್ತಿದ್ದ. ಕೈ ಹೋಯಿತೆಂದು ಅದು ತಾನಾಗಿ ತಲೆ ಮುಂದೆ ತರುತ್ತಿತ್ತು. ಇವತ್ತು ಕೆನ್ನೆ, ಇನ್ನೊಂದು ವಾರಕ್ಕೆ ಹಣೆ, ಆಸಾಡಿ ತಿಂಗಳ ಹೊತ್ತಿಗೆ ಆ ಹಾಳಾದ ಎಡಗಿವಿ. ಅವಸರ ಮಾಡಿದ ದಿನ ಎಲ್ಲ ಹಾಳಾಗುತ್ತಿತ್ತು, ಮತ್ತೆ ಕುತ್ತಿಗೆಯಿಂದ ಶುರು. ಹೆಂಡತಿ ಮಕ್ಕಳ ಮೇಲೆ ತೋರಿಸದ ತಾಳ್ಮೆಯನ್ನು ಆ ಮನುಷ್ಯ ಎಲ್ಲಿ ಅಡಗಿಸಿಟ್ಟಿದ್ದನೋ ದೇವರೇ ಬಲ್ಲ. ಅಕ್ಕುವಿಗೆ ಇದರಲ್ಲಿ ಹೊಟ್ಟೆಕಿಚ್ಚೂ ಇತ್ತು, ನನ್ನ ಎದುರಿಗೇ ಆಡಿಕೊಂಡಿದ್ದಳು.

ಮೂಗಿನ ವಿಷಯ ಬಂದದ್ದು ಇಂಬಳದಿಂದ, ಅಂದರೆ ಜಿಗಣೆಯಿಂದ. ಮಳೆಗಾಲದಲ್ಲಿ ಹೊಂಡದ ನೀರು ಕುಡಿಯುವಾಗ ದನಗಳ ಮೂಗಿಗೆ ಇಂಬಳ ಹೊಕ್ಕು ರಕ್ತ ಹೀರಿ ಬೆರಳಿನಷ್ಟು ದಪ್ಪವಾಗುತ್ತದೆ. ಮಾಣಿಯ ಮೂಗಿಗೂ ಒಂದು ಹೊಕ್ಕಿತು. ರಕ್ತ ಸೋರುತ್ತಿತ್ತು, ಅದು ತಲೆ ಕೊಡವಿ ಕೊಡವಿ ಗೋಡೆಗೆ ಉಜ್ಜುತ್ತಿತ್ತು. ಕೆಡವಿ ಕಟ್ಟಿ ತೆಗೆಯೋಣ ಅಂದ ಸೋಮ. ಕುಷ್ಟ ಬಿಡಲಿಲ್ಲ. ಮೂರು ದಿನ ಕೊಟ್ಟಿಗೆಯಲ್ಲೇ ಕೂತು, ತುಟಿ ಮುಟ್ಟಿ ಬಿಟ್ಟು, ಹೊಳ್ಳೆಯ ಅಂಚು ಮುಟ್ಟಿ ಬಿಟ್ಟು, ಕೊನೆಗೆ ಹೊಗೆಸೊಪ್ಪಿನ ನೀರಲ್ಲಿ ಅದ್ದಿದ ಬೆರಳನ್ನು ಒಳಗೆ ಹಾಕಿ ಇಂಬಳವನ್ನು ಎಳೆದು ತೆಗೆದ. ಕುದುರೆ ಕಣ್ಣು ಮುಚ್ಚಿಕೊಂಡು ನಿಂತಿತ್ತು. ಆ ಮೇಲೆ ನಿತ್ಯವೂ ಸಂಜೆ ಅವನು ಹೆಬ್ಬೆರಳು ಹಾಕಿ ಎರಡು ಹೊಳ್ಳೆಯನ್ನೂ ನೋಡುತ್ತಿದ್ದ. ಅವನು ಬಂದರೆ ಅದೇ ಮೂಗು ಮುಂದೆ ಒಡ್ಡುತ್ತಿತ್ತು. ಆ ಮೂಗಿನ ನಡುಗೋಡೆ ಕೋಣದ್ದರ ಹಾಗೆ ದಪ್ಪ ಅಲ್ಲ, ವೀಳ್ಯದೆಲೆಯ ಹಾಗೆ ತೆಳು ಎಂದು ಅವನು ಆಶ್ಚರ್ಯಪಟ್ಟದ್ದು ನನಗೆ ನೆನಪಿದೆ.

ಕೊಯ್ಲು ಮುಗಿಯುವ ಹೊತ್ತಿಗೆ ಮಾಣಿಗೆ ಬಾಯಿಕಡಿವಾಣ ಹಾಕಬಹುದಿತ್ತು, ಬೆನ್ನಿನ ಮೇಲೆ ಕುಷ್ಟ ಕೂತು ಗದ್ದೆಯ ಅಂಚಿನಲ್ಲಿ ಓಡಾಡಬಹುದಿತ್ತು. ಬೇರೆಯವರು ತಲೆಗೆ ಕೈ ಚಾಚಿದರೆ ಮಾತ್ರ ಈಗಲೂ ಕಿವಿ ಮಡಿಸುತ್ತಿತ್ತು. ಭೋಜರಾಜರ ಕೈಗೂ ಅದನ್ನು ಒಗ್ಗಿಸಬೇಕು, ಡೋಲಿನ ಸದ್ದಿಗೂ ಒಗ್ಗಿಸಬೇಕು, ಈ ಸಲದ ಕಂಬಳ ಬಿಟ್ಟು ಮುಂದಿನದಕ್ಕೆ ಹೋಗಬಹುದು ಎಂದು ಕುಷ್ಟ ಜಗಲಿಯ ಕೆಳಗೆ ನಿಂತು ಕೇಳಿಕೊಂಡ. ಭೋಜರಾಜರು ಆಗಲೇ ಕುಂದಾಪುರದಿಂದ ಜರಿಯ ಮುಂಡಾಸು ತಂದಾಗಿತ್ತು, ಊರಿಗೆಲ್ಲ ಹೇಳಿಯೂ ಆಗಿತ್ತು. ಕುದುರೆ ಒಗ್ಗುವುದೆಂದರೇನು, ಹತ್ತಿದವನಿಗೆ ಅದು ಒಗ್ಗಬೇಕು ಅಂದರು. ಹುರುಳಿ ತಿನ್ನಿಸಿ ತಿನ್ನಿಸಿ ಕುದುರೆಯನ್ನು ಅಳಿಯನ ಹಾಗೆ ಬೆಳೆಸಿದ್ದಾನೆ ಅಂತ ಕೂತವರನ್ನೆಲ್ಲ ನಗಿಸಿದರು.

ಕಂಬಳದ ದಿನ ಬೆಳಿಗ್ಗೆ ನಮ್ಮ ಊರಿನ ದಾರಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೋಣಗಳಿಗೆ ಎಣ್ಣೆ ಹಚ್ಚಿ, ಕೆಂಪು ವಸ್ತ್ರ ಹೊದಿಸಿ ನಿಲ್ಲಿಸಿದ್ದರು. ಮುಂದೆ ಕುದುರೆಯ ಮೇಲೆ ಭೋಜರಾಜರು. ಕುಷ್ಟ ಹಗ್ಗ ಹಿಡಿದು ಮಾಣಿಯ ಕಿವಿಗೆ ಏನೋ ಹೇಳುತ್ತಾ ನಡೆಯುತ್ತಿದ್ದ. ಯಜಮಾನನನ್ನು ಒಬ್ಬ ಒಕ್ಕಲು ಹಗ್ಗ ಹಿಡಿದು ನಡೆಸುವುದು ಚೆಂದ ಕಾಣುವುದಿಲ್ಲವೆಂದು ಯಾರೋ ಅಂದರು. ಭೋಜರಾಜರು ಹಗ್ಗ ಬಿಡಲು ಹೇಳಿದರು. ಅವನು ಬಿಟ್ಟು ನಾಲ್ಕು ಮಾರು ಹಿಂದೆ ಉಳಿಯುವಷ್ಟರಲ್ಲಿ ಡೋಲಿನವರು ಮುಂದೆ ಬಂದು ಬಡಿದರು, ಅದರ ಮೇಲೆ ಒಂದು ಗರ್ನಾಲು ಸಿಡಿಯಿತು. ಕುದುರೆ ಎದ್ದು ನಿಂತಿತು. ಭೋಜರಾಜರು ಗಾಬರಿಯಲ್ಲಿ ಅದರ ಎಡಗಿವಿಯನ್ನೇ ಹಿಡಿದುಕೊಂಡರು. ಆಮೇಲೆ ಕೇಳಬೇಕೇ. ಜರಿಯ ಮುಂಡಾಸು ಒಂದು ಕಡೆ, ಯಜಮಾನರು ಒಂದು ಕಡೆ, ಬಿದ್ದದ್ದು ಕೆಸರು ಗದ್ದೆಗೆ, ಕುಂಡೆ ಮೇಲಾಗಿ. ನಕ್ಕವರು ಬಹಳ ಜನ. ನಾನೂ ನಕ್ಕೆ, ಇವತ್ತು ನೆನೆದರೂ ನಗು ಬರುತ್ತದೆ.

ಆ ನಗುವಿಗೆ ಯಾರಾದರೂ ಬೆಲೆ ತೆರಲೇಬೇಕಿತ್ತು, ಕುದುರೆ ಸಿಕ್ಕಿತು. ಅದೇನೂ ದೂರ ಓಡಿರಲಿಲ್ಲ, ಕುಷ್ಟನ ಮನೆಯಂಗಳಕ್ಕೆ ಬಂದು ನಡುಗುತ್ತಾ ನಿಂತಿತ್ತು. ಭೋಜರಾಜರು ಕೆಸರು ತೊಳೆದುಕೊಂಡು ಜಗಲಿಗೆ ಬಂದವರೇ ಕುಷ್ಟನನ್ನು ಕರೆಸಿದರು. ಮೂಗುದಾರ ಇಲ್ಲದ ಪ್ರಾಣಿಯನ್ನು ಹತ್ತಿದ್ದೇ ತಮ್ಮ ತಪ್ಪು ಅಂದರು. ಅಲ್ಲಿದ್ದವರೆಲ್ಲ ತಲೆ ಆಡಿಸಿದರು. ನಮ್ಮ ಜನಕ್ಕೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೋಣ, ಹೋರಿ, ಎತ್ತು, ಹಿಡಿತಕ್ಕೆ ಸಿಗಬೇಕಾದ ಪ್ರಾಣಿಗೆಲ್ಲ ಮೂಗಿನಲ್ಲಿ ದಾರ ಇರುತ್ತದೆ, ಕುದುರೆಗೆ ಯಾಕಿಲ್ಲ ಎಂದು ಕೇಳುವ ಬದಲು ಹಾಕುವುದನ್ನು ಮರೆತಿದ್ದೇವೆ ಎಂದುಕೊಂಡರು. ಓದಿದವರೂ ಇದ್ದರು, ಅವರೂ ಹೂಂ ಅಂದರು. ಕುಷ್ಟ ಒಬ್ಬನೇ ಬೇಡವೆಂದದ್ದು. ಅದರ ಮೂಗು ತೆಳು, ಅದು ಬಾಯಲ್ಲಿ ಉಸಿರು ತೆಗೆಯುವುದನ್ನು ತಾನು ಒಮ್ಮೆಯೂ ಕಂಡಿಲ್ಲ, ಆ ಮೂಗು ಬಾತರೆ ಅದಕ್ಕೆ ಬೇರೆ ದಾರಿಯಿಲ್ಲ ಎಂದೆಲ್ಲ ತಡವರಿಸುತ್ತಾ ಹೇಳಿದ. ಎಷ್ಟೋ ಸಾವಿರ ಮೂಗು ಚುಚ್ಚಿದವನ ಬಾಯಲ್ಲಿ ಈ ಮಾತು ಕೇಳಿ ಕೆಲವರು ಮುಸಿಮುಸಿ ನಕ್ಕರು.

ಭೋಜರಾಜರು ನಗಲಿಲ್ಲ. “ನಾಳಿಗ್ ಮೂಗುದಾರ ಹಾಕ್ಕ್. ನಿಂಗ್ ಆತಿಲ್ಲೆ ಅಂದ್ರೆ ಸೋಮ ಇದ್ದ, ನಾಕ್ ಜನ ಕೆಡ್ಗಿ ಹಾಕ್ತ್ರ್. ಆ ಮ್ಯಾಲೆ ನೀ ಮನಿ ಎಲ್ಲ್ ಕಟ್ಕಂತೆ ಅಂತ ಈಗ್ಳೇ ಕಂಡ್ಕೋ.”

ಕುಷ್ಟ ಮನೆಗೆ ಬಂದು ಉಣ್ಣದೆ ಕೂತ. ಇದನ್ನು ನನಗೆ ಹೇಳಿದವಳು ಅಕ್ಕು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಯಾರ ನೆಲದಲ್ಲಿ ಹೋಗಿ ನಿಲ್ಲುವುದೆಂದು ಅವಳು ಅಳಲಿಲ್ಲ, ಬೈಯಲಿಲ್ಲ. ಅವಳು ಹೇಳಿದ್ದು ಬೇರೆಯೇ. ಮನೆ ಹೋದರೆ ಹೋಗಲಿ ಎನ್ನುವ ಧೈರ್ಯ ಅವಳಿಗೂ ಇರಲಿಲ್ಲ, ಆದರೆ ಕೇಡು ಎಲ್ಲಿದೆ ಎನ್ನುವುದು ಅವಳಿಗೆ ಕಂಡಿತ್ತು.

“ಸಾಕ್ದವ ಚುಚ್ಚೂಕಾಗ,” ಅಂದಳು. “ಇಷ್ಟ್ ಕಾಲ ಊರಿಗೆಲ್ಲ ನೀವೇ ಹೇಳ್ಕಂಡ್ ಬಂದದ್ದಲ್ದಾ. ಸೋಮನೇ ಮಾಡ್ಲಿ. ಅದ್ ಅವ್ನನ್ನ್ ಹಗೆ ಮಾಡ್ಕಣ್ಲಿ.”

“ಅವ್ರ್ ಕೆಡ್ಗಿ ಕಟ್ರೆ ಅದ್ರ್ ಕಾಲ್ ಮುರೀತ್. ಉದ್ದ ಕಾಲ್, ಸಪೂರ ಎಲುಬ್. ಕಾಲ್ ಮುರ್ದ್ರೆ ಹೊಡ್ದ್ ಹಾಕ್ತ್ರ್.” ಅವನು ದಬ್ಬಣದ ಚೀಲವನ್ನು ಹತ್ತಿರ ಎಳೆದುಕೊಂಡು ಹೇಳಿದನಂತೆ, “ನಾ ಮಾಡ್ರೆ ಅದ್ ನಿಂತ್ಕಣತ್ತ್.”

ಮರುದಿನ ಬೆಳಿಗ್ಗೆ ದೊಡ್ಡ ಮನೆಯ ಅಂಗಳದಲ್ಲಿ ಊರೇ ಸೇರಿತ್ತು. ಸೋಮ ಮತ್ತು ಅವನ ಜೊತೆಯವರು ಹಗ್ಗದ ಸಿಂಬಿ ಹಿಡಿದು ತಯಾರಾಗಿದ್ದರು. ಕುಷ್ಟ ಅವರಿಗೆ ದೂರ ನಿಲ್ಲಲು ಹೇಳಿ, ಮಾಣಿಯನ್ನು ತಾನೇ ನಡೆಸಿಕೊಂಡು ಬಂದ. ಕಟ್ಟಲಿಲ್ಲ. ಕುತ್ತಿಗೆ ತಟ್ಟಿದ, ಕೆನ್ನೆ ಸವರಿದ, ಆ ಎಡಗಿವಿಯ ಬುಡ ತುರಿಸಿದ. ಕುದುರೆ ಜನರನ್ನು ಕಂಡು ಒಂದೆರಡು ಸಲ ಫುರ್ರೆಂದು, ಆಮೇಲೆ ಅವನ ಕಡೆ ತಿರುಗಿ ಎಂದಿನ ಹಾಗೆ ಮೂಗು ಮುಂದೊಡ್ಡಿತು. ಅವನು ಎಡಗೈಯ ಹೆಬ್ಬೆರಳನ್ನು ಒಂದು ಹೊಳ್ಳೆಗೆ, ತೋರುಬೆರಳನ್ನು ಇನ್ನೊಂದಕ್ಕೆ ಹಾಕಿ ಹಿಡಿದ. ಅದು ಕಣ್ಣು ಮುಚ್ಚಿತು. ಇಂಬಳ ತೆಗೆಯುತ್ತಾನೆ ಎಂದುಕೊಂಡಿತೋ ಏನೋ. ಅವನು ಬಲಗೈಯಲ್ಲಿ ದಬ್ಬಣ ಹಾಯಿಸಿದ.

ದಬ್ಬಣ ಆಚೆಗೆ ಬರುವವರೆಗೂ ಅದು ನಿಂತೇ ಇತ್ತು. ಮೈಯೆಲ್ಲ ಕಂಪಿಸುತ್ತಿತ್ತು, ಬಾಯಿ ತೆರೆದಿತ್ತು, ಆದರೆ ಕಾಲು ಕೀಳಲಿಲ್ಲ. ಇದು ಮುಗಿಯುತ್ತದೆ, ಅವನು ಕೈ ತೆಗೆಯುತ್ತಾನೆ ಎಂದು ಕಾಯುತ್ತಿದ್ದ ಹಾಗೆ ನನಗೆ ಕಂಡಿತು. ಹಗ್ಗ ಎಳೆಯುವಾಗ ಮಾತ್ರ ಅದು ಕಿರುಚಿ ಎದ್ದಿತು. ಅಷ್ಟರಲ್ಲಿ ಹಗ್ಗದ ತುದಿ ಸೋಮನ ಕೈಯಲ್ಲಿತ್ತು. ಅವನು ಜಗ್ಗಿದ. ಎದ್ದ ಕುದುರೆ ಮೂಗಿನ ನೋವಿಗೆ ಮೊಣಕಾಲೂರಿ ಕೆಳಗೆ ಬಂತು. ಜನ ಹೋ ಎಂದರು. ಕುಷ್ಟನ ಮುಖ, ಎದೆ ಎಲ್ಲ ರಕ್ತ. ಅವನು ಅರಸಿನೆಣ್ಣೆಯ ಕರಟ ಹಿಡಿದು ಹತ್ತಿರ ಹೋದ, ಗಾಯಕ್ಕೆ ಹಚ್ಚುವುದಕ್ಕೆ. ಮಾಣಿ ಅವನನ್ನು ಕಂಡದ್ದೇ ಹಿಂದಕ್ಕೆ ಹಿಂದಕ್ಕೆ ಜಗ್ಗಿತು, ದಾರ ಮೂಗನ್ನು ಹರಿಯುತ್ತಿದ್ದರೂ ಜಗ್ಗಿತು. ಎಣ್ಣೆ ಹಚ್ಚುವ ಕೆಲಸ ಸೋಮನೇ ಮಾಡಬೇಕಾಯಿತು. ಸೋಮ ಹಚ್ಚಿದರೆ ಅದು ಸುಮ್ಮನಿತ್ತು.

ಕುದುರೆ ಸಾಯಲಿಲ್ಲ. ಸತ್ತಿದ್ದರೆ ಕುಷ್ಟ ಎರಡು ದಿನ ಉಪವಾಸ ಬಿದ್ದು ಮೂರನೆಯ ದಿನ ಏಳುತ್ತಿದ್ದ. ಮೂಗು ಬಾತು, ಕೀವಾಗಿ, ಹುಳ ಬಿದ್ದು, ವಾಸಿಯಾಗಿ ಒಳಗೆ ದಪ್ಪ ಗಂಟು ಉಳಿಯಿತು. ಉಸಿರು ಬಿಟ್ಟಾಗಲೆಲ್ಲ ಸಿಳ್ಳೆಯ ಹಾಗೆ ಸದ್ದು ಬರುತ್ತಿತ್ತು. ಆದರೆ ಎಂಥ ಸಾಧು ಪ್ರಾಣಿಯಾಯಿತು ಅನ್ನುತ್ತೀರಿ. ಯಾರು ದಾರ ಹಿಡಿದರೂ ತಲೆ ತಗ್ಗಿಸಿ ನಡೆಯುತ್ತಿತ್ತು. ಡೋಲು ಬಡಿಯಲಿ, ಗರ್ನಾಲು ಹಾರಿಸಲಿ, ನಡುಗುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಮುಂದಿನ ಕಂಬಳಕ್ಕೆ ಭೋಜರಾಜರು ಹೊಸ ಮುಂಡಾಸು ಕಟ್ಟಿ ಅದರ ಮೇಲೆ ಕೂತು ಹೋದರು. ಕುಷ್ಟನ ಮನೆಗೆ ಹೊಸ ಹೆಂಚಿನ ಮಾಡು ಹಾಕಿಸಿಕೊಟ್ಟರು. ಅವನು ಹಾಕಿಸಿಕೊಂಡ. ಹಾಕಿಸಿಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವವರು ಅವನ ಇಬ್ಬರು ಹೆಣ್ಣುಮಕ್ಕಳನ್ನು ಮಳೆಯಲ್ಲಿ ನಿಲ್ಲಿಸಿ ಆಮೇಲೆ ಮಾತಾಡಲಿ.

ಕೊಟ್ಟಿಗೆಯ ದಾರಿ ಅವನ ಮನೆಯ ಮುಂದೆಯೇ ಹಾಯುತ್ತಿತ್ತು. ಕುದುರೆಯನ್ನು ನೀರಿಗೆ ಬಿಡುವ ಹೊತ್ತಿಗೆ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನ ವಾಸನೆ ಬಂದರೂ ಅದು ನಡೆಯದೆ ನಿಂತುಬಿಡುತ್ತಿತ್ತು, ಆಗ ಸೋಮ ದಾರ ಜಗ್ಗುತ್ತಿದ್ದ. ಜಗ್ಗದೆ ಇರಲಿ ಎಂದು ಇವನು ಬಾಗಿಲು ಹಾಕುವುದು. ಹುರುಳಿ ನೆನೆಸುವುದನ್ನು ಅಕ್ಕು ಬಿಡಲಿಲ್ಲ. ಅವಳು ಒಯ್ದು ಸೋಮನ ಕೈಗೆ ಕೊಟ್ಟು ಬರುತ್ತಿದ್ದಳು.

ಅರವತ್ತಾರನೇ ಇಸವಿಯಲ್ಲಿರಬೇಕು, ಚಂದಯ್ಯ ಮುಂಬೈಯಿಂದ ನೆಂಟರನ್ನು ಕರೆದುಕೊಂಡು ಕೊಲ್ಲೂರಿಗೆ ಬಂದವನು ತಲ್ಲೂರಿಗೂ ಬಂದ. ಅವರ ಸಾಮಾನನ್ನು ಬಸ್ಸಿನಿಂದ ಇಳಿಸಿ ನಾನೂ ಜೊತೆಗೆ ದೊಡ್ಡ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಕುದುರೆಯ ಮಾತು ಬಂತು. ತಾನು ಕಳಿಸಿದ್ದು ಮುಟ್ಟಿದರೆ ಕೊಲ್ಲುವ ಪ್ರಾಣಿಯಾಗಿತ್ತೆಂದು ಚಂದಯ್ಯ ಆಗಲೇ ಒಪ್ಪಿಕೊಂಡದ್ದು. ಭೋಜರಾಜರು ಹೆಮ್ಮೆಯಿಂದ ಕುದುರೆಯನ್ನು ಅಂಗಳಕ್ಕೆ ತರಿಸಿದರು. ನೆಂಟರ ಹೆಂಗಸರು ಅದರ ಹಣೆ ಸವರಿದರು, ಮಕ್ಕಳು ಮೂಗುದಾರ ಹಿಡಿದು ಆಡಿದರು. ಇಷ್ಟೆಲ್ಲ ಮಾಡಿದವನು ಯಾರು ಎಂದು ಅವರು ಕೇಳಿದ್ದಕ್ಕೆ ಕುಷ್ಟನಿಗೆ ಕರೆ ಹೋಯಿತು. ಅವನು ಬರಲಿಲ್ಲ. ಎರಡನೆಯ ಸಲ ಸೋಮನೇ ಹೋಗಿ ಕರೆತಂದ.

ಕುಷ್ಟ ಬೇಲಿಯ ತಡಮೆಯ ಹೊರಗೆ ನಿಂತ. ಒಳಗೆ ಬಾ ಎಂದರು, ಬಂದ. ಇನ್ನೂ ಹತ್ತಿರ ಬಾ ಎಂದರು. ಅವನು ಕುದುರೆಯ ಕಡೆ ನೋಡದೆ ನೆಲ ನೋಡುತ್ತಾ ನಾಲ್ಕು ಹೆಜ್ಜೆ ಇಟ್ಟ. ಕುದುರೆ ಅವನನ್ನು ಕಂಡಿತು. ಎಳೆಯಲಿಲ್ಲ, ಏಳಲಿಲ್ಲ, ಅದೆಲ್ಲ ಅದಕ್ಕೆ ಮರೆತುಹೋಗಿತ್ತು. ನಿಂತಲ್ಲೇ ಹಿಂಗಾಲು ಕುಸಿದು, ಮಕ್ಕಳ ಕಾಲಿನ ಬುಡದಲ್ಲಿ ಜರ್ರನೆ ಉಚ್ಚೆ ಹೊಯ್ದಿತು. ಅದರ ಉಸಿರಿನ ಸಿಳ್ಳೆ ಅಂಗಳದ ಆಚೆ ತುದಿಗೂ ಕೇಳುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟಿ ನಕ್ಕವು, ಅವುಗಳನ್ನು ಕಂಡು ದೊಡ್ಡವರೂ ನಕ್ಕರು.

“ಕಾಣಿ,” ಅಂದರು ಭೋಜರಾಜರು ಭಾವನ ಬೆನ್ನು ತಟ್ಟಿ. “ಪಳಗ್ಸೂದ್ ಅಂದ್ರೆ ಇದ್.”

ಎಲ್ಲರೂ ಕುಷ್ಟನ ಮುಖ ನೋಡಿದರು. ಹೊಗಳಿಸಿಕೊಂಡವನು ಏನಾದರೂ ಮಾಡಬೇಕಲ್ಲ. ಅವನು ಬೈರಾಸನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, ಹಲ್ಲು ಕಾಣುವ ಹಾಗೆ ನಕ್ಕ. ಇನ್ನು ಹೋಗು ಎಂದು ಅವರು ಹೇಳುವವರೆಗೆ ನಗುತ್ತಲೇ ನಿಂತಿದ್ದ.